10 ಗೆಲುವು, 10 ಸೋಲು: ಈ ಪಿಚರ್ ನಿಜಕ್ಕೂ ಎಷ್ಟು ಒಳ್ಳೆಯವನು? ಎಷ್ಟು ವರ್ಷ ಬಾಳಿಕೆ ಬರ್ತಾನೆ?

ಪೆನ್ ಹಿಲ್ಸ್ ಪರಮೇಶಿ

ಎಲ್ಲರಿಗೂ ನಮಸ್ಕಾರ. ನಾನು ಪಿಟ್ಸ್‌ಬರ್ಗ್‌ಗೆ ಬಂದು ನಾಲ್ಕು ವರ್ಷ ಆಯಿತು. ಮೊದಲೆರಡು ವರ್ಷ ಬೇಸ್‌ಬಾಲ್ ಹಾಕಿದರೆ ನಿದ್ದೆ ಬರುತ್ತಿತ್ತು. ಆಮೇಲೆ ಆಫೀಸಿನವರ ಜೊತೆ ಒಂದು ಸಂಜೆ ಇಲ್ಲಿನ ಬೇಸ್‌ಬಾಲ್ ಮೈದಾನ ಪಿಎನ್‌ಸಿ ಪಾರ್ಕ್‌ಗೆ ಹೋದೆ. ಊರಿನ ತಂಡ ಪೈರೇಟ್ಸ್‌ನ ಪಿಚರ್ (ಬೌಲರ್ ಇದ್ದ ಹಾಗೆ, ಚೆಂಡು ಎಸೆಯೋನು) ಪಾಲ್ ಸ್ಕೀನ್ಸ್ ಎಸೆಯೋದನ್ನು ನೋಡಿದೆ. ಅವತ್ತಿಂದ ಹುಚ್ಚು ಹಿಡಿದಿದೆ.

ಈಗ ವಿಷಯ. 2025ರಲ್ಲಿ ಸ್ಕೀನ್ಸ್ ಲೆಕ್ಕ 10 ಗೆಲುವು, 10 ಸೋಲು. ಆದರೂ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಸೈ ಯಂಗ್ ಪ್ರಶಸ್ತಿ, ಅಂದರೆ ವರ್ಷದ ಅತ್ಯುತ್ತಮ ಪಿಚರ್ ಪ್ರಶಸ್ತಿ, ಅವನಿಗೇ ಬಂತು, ಅದೂ ಸರ್ವಾನುಮತದಿಂದ. ನಮ್ಮ ಮಾವ ಬೆಂಗಳೂರಿಂದ ಬಂದಿದ್ದಾರೆ. ಪೇಪರ್ ನೋಡಿ, "ಗೆದ್ದದ್ದೂ ಹತ್ತು, ಸೋತದ್ದೂ ಹತ್ತು. ಐವತ್ತು ಮಾರ್ಕ್ಸ್ ತೆಗೆದವನಿಗೆ ರ‍್ಯಾಂಕ್ ಕೊಟ್ಟ ಹಾಗಾಯಿತಲ್ಲಪ್ಪ" ಅಂದರು. ನಾನು ಕಾಫಿ ಮಾಡೋ ನೆಪದಲ್ಲಿ ಎದ್ದು ಹೋದೆ.

ತಿಳಿದವರು ಹೇಳಿ. ಒಬ್ಬ ಪಿಚರ್ ನಿಜಕ್ಕೂ ಚೆನ್ನಾಗಿದ್ದಾನೋ ಇಲ್ಲ ಅದೃಷ್ಟ ಕೈಹಿಡಿದಿದೆಯೋ, ಹೇಗೆ ಗೊತ್ತು ಮಾಡಿಕೊಳ್ಳೋದು? ಇವತ್ತು ಚೆನ್ನಾಗಿರೋನು ಹತ್ತು ವರ್ಷ ಹೀಗೇ ಇರ್ತಾನೆ ಅಂತ ಹೇಳೋಕೆ ಆಗುತ್ತಾ?

---

ಮೂರನೇ ಬೇಸ್

ಪರಮೇಶಿಯವರೇ, ಮೊದಲು ಆ ಗೆಲುವು-ಸೋಲಿನ ಕಾಲಂ ಮೇಲೆ ಕೈ ಇಟ್ಟು ಮುಚ್ಚಿಬಿಡಿ. ಶುರುವಿನ ಪಿಚರ್‌ಗೆ ಗೆಲುವು ಸಿಗಬೇಕಾದರೆ ಅವನು ಐದು ಇನ್ನಿಂಗ್ಸ್ ಮುಗಿಸಬೇಕು. ಅವನು ಇಳಿಯೋ ಹೊತ್ತಿಗೆ ತಂಡ ಮುಂದಿರಬೇಕು. ಆಮೇಲೆ ಬಂದವರು ಆ ಮುನ್ನಡೆ ಕಳೆಯಬಾರದು. ಇವನ ಕೈಲಿ ಇರೋದು ಮೊದಲನೆಯದು ಮಾತ್ರ. ಪೈರೇಟ್ಸ್ ಆ ವರ್ಷ ರನ್ ಗಳಿಕೆಯಲ್ಲಿ ತಳದಲ್ಲಿತ್ತು. ಇವನು ಏಳು ಇನ್ನಿಂಗ್ಸ್‌ನಲ್ಲಿ ಒಂದೇ ರನ್ ಕೊಟ್ಟರೂ ಇವನ ತಂಡ ಸೊನ್ನೆಯಲ್ಲಿ ಕೂತಿದ್ದರೆ ಸೋಲು ಇವನ ಹೆಸರಿಗೆ.

ಇದೇನೂ ಹೊಸದಲ್ಲ. ಸಿಯಾಟಲ್‌ನ ಫೆಲಿಕ್ಸ್ ಹರ್ನಾಂಡೆಸ್ 2010ರಲ್ಲಿ 13-12 ಇದ್ದುಕೊಂಡು ಸೈ ಯಂಗ್ ಗೆದ್ದ, ಇಆರ್‌ಎ 2.27. ಮೆಟ್ಸ್‌ನ ಜೇಕಬ್ ಡಿಗ್ರಾಮ್ 2018ರಲ್ಲಿ 10-9, ಇಆರ್‌ಎ 1.70. ಇನ್ನೂ ಹಿಂದಕ್ಕೆ ಹೋದರೆ 1987ರಲ್ಲಿ ನೋಲನ್ ರಯಾನ್. ಇಆರ್‌ಎ 2.76, ಲೀಗ್‌ಗೇ ಮೊದಲು. 270 ಸ್ಟ್ರೈಕೌಟ್ (ಚೆಂಡು ಹೊಡೆಯೋಕೆ ಬಿಡದೆ ಬ್ಯಾಟರ್‌ನನ್ನು ಔಟ್ ಮಾಡಿದ್ದು), ಅದೂ ಮೊದಲು. ಲೆಕ್ಕ ಮಾತ್ರ 8 ಗೆಲುವು, 16 ಸೋಲು! ಆಗಿನವರು ಗೆಲುವಿನ ಕಾಲಂ ನೋಡಿಯೇ ಮತ ಹಾಕುತ್ತಿದ್ದರು, ಪ್ರಶಸ್ತಿ ಸಿಗಲಿಲ್ಲ.

---

ಗೂಗ್ಲಿ ಗುಂಡಣ್ಣ

ಇಆರ್‌ಎ ಅಂದರೆ ಏನು ಅಂತಾನೂ ಹೇಳ್ಬಿಡಿ ಸಾರ್. ಎಲ್ಲರೂ ನಿಮ್ಮ ಹಾಗೆ ಅಮೆರಿಕದಲ್ಲಿ ಕೂತಿಲ್ಲ. ನಾನು ದಾವಣಗೆರೆಯಲ್ಲಿ ಕೂತು ಬೆಳಗಿನ ಜಾವ ಮೊಬೈಲ್‌ನಲ್ಲಿ ನೋಡೋನು.

---

ಮೂರನೇ ಬೇಸ್

ಕ್ಷಮಿಸಿ ಗುಂಡಣ್ಣ. ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅನ್ನೋ ಲೆಕ್ಕ. ಫೀಲ್ಡರ್ ತಪ್ಪಿನಿಂದ ಬಂದ ರನ್ ಬಿಟ್ಟು. ನಮ್ಮ ಬೌಲಿಂಗ್ ಎಕಾನಮಿ ಇದ್ದ ಹಾಗೆ. ಎರಡರ ಕೆಳಗೆ ಹೋದರೆ ಅಪರೂಪ. ಸ್ಕೀನ್ಸ್ 2024ರಲ್ಲಿ 1.96, 2025ರಲ್ಲಿ 1.97.

ಆದರೆ ಇಆರ್‌ಎ ಕೂಡ ಅರ್ಧ ಸತ್ಯ. 2001ರಲ್ಲಿ ವೊರೊಸ್ ಮೆಕ್‌ಕ್ರಾಕೆನ್ ಅನ್ನೋ ಒಬ್ಬ ಅಭಿಮಾನಿ ಒಂದು ಲೆಕ್ಕ ಮುಂದಿಟ್ಟ. ಬ್ಯಾಟಿಗೆ ತಾಗಿ ಮೈದಾನದೊಳಗೇ ಬಿದ್ದ ಚೆಂಡು ಹಿಟ್ ಆಗುತ್ತಾ (ಬ್ಯಾಟರ್ ಬೇಸ್ ಸೇರ್ತಾನಾ) ಔಟ್ ಆಗುತ್ತಾ ಅನ್ನೋದರಲ್ಲಿ ಪಿಚರ್ ಕೈವಾಡ ತುಂಬಾ ಕಡಿಮೆ ಅಂತ. ಜನ ಮೊದಲು ನಕ್ಕರು. ಆಮೇಲೆ ಎಲ್ಲ ತಂಡಗಳೂ ಅದನ್ನೇ ಹಿಡಿದುಕೊಂಡವು. ಹಾಗೆ ಬಿದ್ದ ಹತ್ತು ಚೆಂಡಿನಲ್ಲಿ ಹೆಚ್ಚುಕಡಿಮೆ ಮೂರು ಹಿಟ್ ಆಗ್ತವೆ. ಅದಕ್ಕೆ ಬ್ಯಾಬಿಪ್ ಅಂತಾರೆ. ಪೆಡ್ರೊ ಮಾರ್ಟಿನೆಸ್ ನೋಡಿ. 1999ರಲ್ಲಿ ಅವನ ಬ್ಯಾಬಿಪ್ 0.32ರ ಆಸುಪಾಸು, 2000ದಲ್ಲಿ 0.24ರ ಆಸುಪಾಸು. ಅದೇ ಮನುಷ್ಯ, ಅದೇ ತೋಳು, ಒಂದೇ ವರ್ಷದ ಅಂತರ. ಇಆರ್‌ಎ 2.07ರಿಂದ 1.74ಕ್ಕೆ ಇಳಿಯಿತು. ಆದರೆ ಸ್ಟ್ರೈಕೌಟ್ 1999ರಲ್ಲೇ ಜಾಸ್ತಿ, 313. ಯಾವ ವರ್ಷ ಅವನು ನಿಜಕ್ಕೂ ಚೆನ್ನಾಗಿ ಎಸೆದ? ಈ ಪ್ರಶ್ನೆ ಇಟ್ಟುಕೊಂಡು ನಾವು ಗೆಳೆಯರು ಒಂದು ಇಡೀ ರಾತ್ರಿ ಜಗಳ ಆಡಿದ್ದೀವಿ.

ಹಾಗಾಗಿ ಪಿಚರ್ ಒಬ್ಬನ ಕೈಯಲ್ಲೇ ಇರೋದು ಮೂರು: ಸ್ಟ್ರೈಕೌಟ್, ವಾಕ್ (ನಾಲ್ಕು ಕೆಟ್ಟ ಚೆಂಡು ಎಸೆದು ಬ್ಯಾಟರ್‌ಗೆ ಬಿಟ್ಟಿ ಬೇಸ್ ಕೊಡೋದು), ಹೋಮ್ ರನ್ (ನಮ್ಮ ಸಿಕ್ಸರ್ ಥರ). ಇವಿಷ್ಟನ್ನೇ ಹಿಡಿದು ಮಾಡೋ ಲೆಕ್ಕಕ್ಕೆ ಫಿಪ್ ಅಂತಾರೆ. ಕಾಗದ ತಗೊಳ್ಳಿ, ಸುಮ್ನೆ ಒಂದು ಉದಾಹರಣೆ. ಒಬ್ಬ 60 ಇನ್ನಿಂಗ್ಸ್ ಎಸೆದ. 5 ಹೋಮ್ ರನ್, 15 ವಾಕ್, ಒಬ್ಬನ ಮೈಗೆ ಹೊಡೆದ, 70 ಸ್ಟ್ರೈಕೌಟ್. ಹೋಮ್ ರನ್ನಿಗೆ 13ರಂತೆ 65. ವಾಕ್ ಮತ್ತು ಮೈಗೆ ಬಿದ್ದದ್ದಕ್ಕೆ 3ರಂತೆ 48. ಒಟ್ಟು 113. ಸ್ಟ್ರೈಕೌಟಿಗೆ 2ರಂತೆ 140 ಕಳೆಯಿರಿ, ಮೈನಸ್ 27. ಅದನ್ನು 60ರಿಂದ ಭಾಗಿಸಿ, ಮೈನಸ್ 0.45. ಲೀಗ್ ಸರಾಸರಿಗೆ ಹೊಂದಿಸೋಕೆ ಸುಮಾರು 3.10 ಸೇರಿಸಿ. 2.65 ಬಂತು. ಇವನ ಇಆರ್‌ಎ 4.10 ಅಂತ ಇದ್ದರೆ ನಾನು ಕಣ್ಣು ಮುಚ್ಚಿಕೊಂಡು ಇವನನ್ನು ತಂಡಕ್ಕೆ ತಗೋತೀನಿ.

---

ಹಳೇ ಕ್ಯಾಚರ್

ಕಣ್ಣು ಮುಚ್ಚಿಕೊಂಡು ತಗೊಂಡರೆ ಹಳ್ಳಕ್ಕೆ ಬೀಳ್ತೀರಿ ಗುರುಗಳೇ.

ನಾನು ನ್ಯೂಜೆರ್ಸಿಯಲ್ಲಿ ವಾರಾಂತ್ಯದ ಲೀಗ್‌ನಲ್ಲಿ ಹನ್ನೊಂದು ವರ್ಷ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಆಗಿ ಮಂಡಿ ಸವೆಸಿಕೊಂಡವನು. ಲೆಕ್ಕ ಬೇಡ ಅಂತಿಲ್ಲ. ಆದರೆ ಲೆಕ್ಕ ಹೇಳೋದು ಆಗಿಹೋದದ್ದನ್ನ. ಪಿಚರ್ ನೋಡಬೇಕಾದರೆ ಚೆಂಡನ್ನು ನೋಡಬೇಡಿ, ಕ್ಯಾಚರ್ ಗ್ಲೌ ನೋಡಿ. ಮೂಲೆಯಲ್ಲಿ ಗ್ಲೌ ಹಿಡಿದಿದ್ದಾನೆ. ಚೆಂಡು ಬಂದಾಗ ಅದು ಎಷ್ಟು ಅಲ್ಲಾಡಿತು? ಒಳ್ಳೆಯವನು ಎಸೆದರೆ ಗ್ಲೌ ಇದ್ದಲ್ಲೇ ಇರುತ್ತೆ, ಪಟ್ ಅಂತ ಒಂದು ಸದ್ದು ಅಷ್ಟೇ. 98 ಮೈಲಿ ವೇಗದಲ್ಲಿ ಎಸೆದು, ಕ್ಯಾಚರ್ ಆ ಕಡೆ ಈ ಕಡೆ ಹಾರಿ ಹಿಡೀತಿದ್ದರೆ ಅವನಿಗೆ ಸ್ಟ್ರೈಕೌಟ್ ಸಿಗಬಹುದು. ಇವತ್ತಿಗೆ.

ಎರಡನೆಯದು ಬ್ಯಾಟರ್ ಮೊಣಕಾಲು. ಚೇಂಜಪ್‌ಗೆ (ಬೇಕೆಂದೇ ನಿಧಾನವಾಗಿ ಎಸೆದ ಚೆಂಡು) ಅವನ ಮುಂದಿನ ಮೊಣಕಾಲು ಬೇಗ ಕುಸಿದರೆ ಪಿಚರ್ ಗೆದ್ದ ಅಂತ ಅರ್ಥ, ಆ ಚೆಂಡು ಆಮೇಲೆ ಹಿಟ್ ಆದರೂ ಸರಿ. ಫೌಲ್ (ಗೆರೆಯಾಚೆ ಹೋದ ಹೊಡೆತ) ಯಾವ ಕಡೆ ಹೋಯಿತು ಅದನ್ನೂ ನೋಡಿ. ನೇರ ಹಿಂದಕ್ಕೆ ಹೋದರೆ ಬ್ಯಾಟರ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡಿದ್ದಾನೆ, ಮುಂದಿನ ಸಲ ಹುಷಾರು. ಬಲಗೈ ಬ್ಯಾಟರ್ ಬಲಗಡೆ ಕಟ್ಟೆಗೆ ಕೊಚ್ಚಿದರೆ ತಡವಾಗಿದ್ದಾನೆ, ಇನ್ನೊಂದು ಅದನ್ನೇ ಎಸೀಬಹುದು.

ಮೂರನೆಯದು ಆರನೇ ಇನ್ನಿಂಗ್ಸ್. ಮೊದಲ ಸಲ ಎಲ್ಲರೂ ಹುಲಿಗಳೇ. ಅದೇ ಒಂಬತ್ತು ಜನ ಮೂರನೇ ಸಲ ಬಂದಾಗ ಇವನ ಬತ್ತಳಿಕೆಯಲ್ಲಿ ಇನ್ನೇನು ಉಳಿದಿದೆ ಅನ್ನೋದೇ ಪ್ರಶ್ನೆ. ಎರಡೇ ಬಗೆ ಎಸೆಯೋನು ಕೊನೆಗೆ ಬುಲ್‌ಪೆನ್‌ಗೆ, ಅಂದರೆ ಪಂದ್ಯದ ಮಧ್ಯದಲ್ಲಿ ಬಂದು ಎಸೆಯೋರ ಗುಂಪಿಗೆ, ಹೋಗ್ತಾನೆ.

---

ಮೂರನೇ ಬೇಸ್

ಒಪ್ಪಿದೆ. ಆದರೆ ನಿಮ್ಮ ಕಣ್ಣು ಎಷ್ಟು ಪಂದ್ಯ ನೋಡಿದೆ ಅನ್ನೋದೂ ಮುಖ್ಯ. ಒಂದು ಪಂದ್ಯದಲ್ಲಿ ಗ್ಲೌ ಅಲ್ಲಾಡಲಿಲ್ಲ ಅಂತ ಮಹಾರಾಜ ಮಾಡೋಕಾಗಲ್ಲ. ಸ್ಟ್ರೈಕೌಟ್ ಪ್ರಮಾಣಕ್ಕೆ ಎಪ್ಪತ್ತು ಬ್ಯಾಟರ್ ಎದುರಿಸಿದ ಮೇಲೆ ಒಂದು ಅರ್ಥ ಬರುತ್ತೆ, ಮೂರು ನಾಲ್ಕು ಪಂದ್ಯ ಸಾಕು. ವಾಕ್‌ಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಬೇಕು. ಬ್ಯಾಬಿಪ್‌ಗೆ ಎರಡು ಸಾವಿರ ಚೆಂಡು ಮೈದಾನಕ್ಕೆ ಬೀಳಬೇಕು. ಅಂದರೆ ವರ್ಷಗಟ್ಟಲೆ. ಏಪ್ರಿಲ್‌ನಲ್ಲಿ "ಇವನು ಹಿಟ್ ಕೊಡೋದೇ ಇಲ್ಲ" ಅಂತ ಕುಣಿಯೋರಿಗೆ ಇದನ್ನೇ ಹೇಳೋದು.

---

ಮೈಲಿ ಎತ್ತರ

ಡೆನ್ವರ್‌ನಿಂದ ಒಂದು ಮಾತು. ಎಲ್ಲಿ ಎಸೆದ ಅಂತಾನೂ ಕೇಳಿ. ಇಲ್ಲಿ 5,280 ಅಡಿ ಎತ್ತರ, ಗಾಳಿ ತೆಳು. ಹೊಡೆದ ಚೆಂಡು ಹಾರಿಹೋಗುತ್ತೆ, ಎಸೆದ ಚೆಂಡು ಅಷ್ಟಾಗಿ ತಿರುಗೋದಿಲ್ಲ. ನಮ್ಮ ಹುಡುಗರ ಇಆರ್‌ಎ ನೋಡಿ ನಗೋರೆಲ್ಲ ಒಂದು ಸಲ ಕೂರ್ಸ್ ಫೀಲ್ಡ್‌ನಲ್ಲಿ ಕರ್ವ್‌ಬಾಲ್ ಎಸೆದು ತೋರಿಸಲಿ.

---

ಗೂಗ್ಲಿ ಗುಂಡಣ್ಣ

ನನಗೆ ಇದೆಲ್ಲ ಓದ್ತಾ ಕುಂಬ್ಳೆ ನೆನಪಾದರು. ಸ್ಪಿನ್ನೇ ಮಾಡಲ್ಲ, ಇವರೆಂಥ ಸ್ಪಿನ್ನರ್ ಅಂತ ಆಡಿಕೊಂಡವರು ಎಷ್ಟು ಜನ! ಕೊನೆಗೆ 619 ಟೆಸ್ಟ್ ವಿಕೆಟ್. ಇತ್ತ ಶ್ರೀನಾಥ್ ಬ್ಯಾಟ್ ಅಂಚು ಸವರಿಕೊಂಡು ಹೋಗೋ ಚೆಂಡು ಹಾಕಿ ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಿದ್ದರು. ಸ್ಕೋರ್‌ಕಾರ್ಡ್‌ನಲ್ಲಿ ಅದು ಬರೀ ಚುಕ್ಕಿ. ಬೇಸ್‌ಬಾಲ್‌ನಲ್ಲಿ ಕುಂಬ್ಳೆ ಥರದವರು ಇದ್ದಾರಾ?

---

ಹಳೇ ಕ್ಯಾಚರ್

ಇದ್ದರು ಗುಂಡಣ್ಣ. ಗ್ರೆಗ್ ಮ್ಯಾಡಕ್ಸ್. ವೇಗ ಹೇಳಿಕೊಳ್ಳೋ ಹಾಗಿರಲಿಲ್ಲ, ಕೊನೆಕೊನೆಗೆ 85 ಮೈಲಿ ಆಸುಪಾಸು. ಕನ್ನಡಕ ಹಾಕಿದರೆ ಬ್ಯಾಂಕ್ ಮ್ಯಾನೇಜರ್. 1992ರಿಂದ 1995ರವರೆಗೆ ಸಾಲಾಗಿ ನಾಲ್ಕು ಸೈ ಯಂಗ್, ಒಟ್ಟು 355 ಗೆಲುವು, 23 ವರ್ಷ. ಚೆಂಡು ಕೊನೇ ಗಳಿಗೆಯಲ್ಲಿ ಎರಡು ಇಂಚು ಆ ಕಡೆ ಅಥವಾ ಈ ಕಡೆ. ಬ್ಯಾಟರ್‌ಗೆ ಎರಡು ಇಂಚು ಸಾಕು.

ಜೇಮಿ ಮೋಯರ್ ಅಂತ ಇನ್ನೊಬ್ಬ. 49ನೇ ವಯಸ್ಸಿನಲ್ಲಿ, 2012ರಲ್ಲಿ, ಮೇಜರ್ ಲೀಗ್‌ನಲ್ಲಿ ಗೆದ್ದ. ಅದೂ ನಮ್ಮ ಮೈಲಿ ಎತ್ತರದವರ ಊರಿನ ತಂಡಕ್ಕೆ. ವೇಗ ನಮ್ಮ ವಾರಾಂತ್ಯದ ಲೀಗ್‌ನವರಿಗಿಂತ ಸ್ವಲ್ಪ ಜಾಸ್ತಿ (ಸರಿ, ತುಂಬಾ ಜಾಸ್ತಿ, ಬೈಬೇಡಿ).

---

ಶಿವಮೊಗ್ಗ ಸೀಮೆ

ಬರೀ ತೋಳು ನೋಡಿ ಆರಿಸಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ದೇಶದ್ದೇ ಕಥೆ ಇದೆಯಲ್ಲ. 2008ರಲ್ಲಿ ಅಮೆರಿಕದ ಒಬ್ಬ ಏಜೆಂಟ್ ಭಾರತಕ್ಕೆ ಬಂದು ವೇಗವಾಗಿ, ಗುರಿಯಿಟ್ಟು ಎಸೆಯೋರಿಗೆ ಸ್ಪರ್ಧೆ ಇಟ್ಟ. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು ಸಿಕ್ಕರು. ರಿಂಕು ಸಿಂಗ್ (ಕೆಕೆಆರ್ ರಿಂಕು ಅಲ್ಲ, ಬೇರೆ) ಮತ್ತು ದಿನೇಶ್ ಪಟೇಲ್. ಇಬ್ಬರೂ ಅದಕ್ಕೆ ಮುಂಚೆ ಬೇಸ್‌ಬಾಲ್ ಆಡಿದವರೇ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪಿಚಿಂಗ್ ಕೋಚ್ ಟಾಮ್ ಹೌಸ್ ಹತ್ತಿರ ಕೆಲವು ತಿಂಗಳು ಕಲಿತರು. ಅದೇ ವರ್ಷ ನವೆಂಬರ್‌ನಲ್ಲಿ ಕರಾರು ಮಾಡಿಕೊಂಡ ತಂಡ ಯಾವುದು ಹೇಳಿ? ಪರಮೇಶಿಯವರ ಪೈರೇಟ್ಸ್!

ಇಬ್ಬರೂ ಕೆಳಗಿನ ಲೀಗ್‌ಗಳಲ್ಲೇ ಉಳಿದರು. ದಿನೇಶ್‌ನನ್ನು 2010ರಲ್ಲಿ ಬಿಟ್ಟರು. ರಿಂಕು ಇನ್ನೂ ಸ್ವಲ್ಪ ಮೇಲೆ ಹೋದ, ಗಾಯಗಳು ಬಿಡಲಿಲ್ಲ. ಆಮೇಲೆ ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ. ಸೋತರು ಅಂತ ನಾನು ಹೇಳಲ್ಲ. ಒಂದು ವರ್ಷದ ಹಿಂದೆ ಗ್ಲೌ ಮುಟ್ಟಿರದ ಹುಡುಗ ಅಲ್ಲಿ ಹೋಗಿ ಔಟ್ ತೆಗೆದದ್ದೇ ದೊಡ್ಡದು. ಆದರೆ ಅಮೆರಿಕದ ಹುಡುಗ ಏಳನೇ ವಯಸ್ಸಿಂದ ಎಸೆದ ಸಾವಿರಾರು ಚೆಂಡಿನ ಅಭ್ಯಾಸವನ್ನ ರೇಡಾರ್ ಗನ್ ಅಳೆಯಲ್ಲ.

---

ಪೆನ್ ಹಿಲ್ಸ್ ಪರಮೇಶಿ

ಅಯ್ಯೋ, ಇದು ನಮ್ಮ ತಂಡವೇ ಅಂತ ಗೊತ್ತೇ ಇರಲಿಲ್ಲ! ಮಾವನಿಗೆ ಹೇಳಿದೆ, ಈಗ ಅವರು ಪೈರೇಟ್ಸ್ ಪಕ್ಷ.

ಫಿಪ್ ಲೆಕ್ಕವನ್ನೂ ಡೈರಿಯಲ್ಲಿ ಬರೆದುಕೊಂಡಿದ್ದಾರೆ. ನಿವೃತ್ತ ಲೆಕ್ಕದ ಮೇಷ್ಟ್ರು, ಬಿಡ್ತಾರಾ. ಅವರೇ ಒಂದು ಪ್ರಶ್ನೆ ಎತ್ತಿದ್ದಾರೆ, ಹಾಗೇ ಹಾಕ್ತೀನಿ. "2024ರಲ್ಲಿ 133 ಇನ್ನಿಂಗ್ಸ್‌ಗೆ 170 ಸ್ಟ್ರೈಕೌಟ್. 2025ರಲ್ಲಿ 187 ಚಿಲ್ಲರೆಗೆ 216. ಒಂಬತ್ತು ಇನ್ನಿಂಗ್ಸ್‌ಗೆ ಲೆಕ್ಕ ಹಾಕಿದರೆ 11.5 ಇದ್ದದ್ದು 10.4ಕ್ಕೆ ಇಳಿದಿದೆ. ಹುಡುಗ ಮೇಲೆ ಹೋಗ್ತಿದ್ದಾನೋ ಕೆಳಗೆ ಬರ್ತಿದ್ದಾನೋ?"

---

ಮೂರನೇ ಬೇಸ್

ಮೇಷ್ಟ್ರಿಗೆ ನಮಸ್ಕಾರ. ಇಡೀ ಚರ್ಚೆಯಲ್ಲಿ ಇದೇ ಒಳ್ಳೆ ಪ್ರಶ್ನೆ. ಫಿಪ್ ಒಂದೇ ನೋಡಿದರೆ ಇದಕ್ಕೆ ಉತ್ತರ ಸಿಗಲ್ಲ. ನನ್ನ ಅಂದಾಜು ಹೇಳ್ತೀನಿ. ಎರಡನೇ ವರ್ಷಕ್ಕೆ ಬ್ಯಾಟರ್‌ಗಳೂ ಇವನನ್ನು ಓದಿಕೊಂಡು ಬರ್ತಾರೆ. ಇನ್ನೊಂದು, ಐವತ್ತು ಇನ್ನಿಂಗ್ಸ್ ಜಾಸ್ತಿ ಎಸೆದಿದ್ದಾನೆ. ಪ್ರತಿ ಚೆಂಡಿಗೂ ಸ್ಟ್ರೈಕೌಟ್ ಹುಡುಕಿಕೊಂಡು ಹೋದರೆ 187 ಇನ್ನಿಂಗ್ಸ್ ತಡೆಯೋಕೆ ಆಗಲ್ಲ.

---

ಹಳೇ ಕ್ಯಾಚರ್

ನಾನು ಅದನ್ನು ಒಳ್ಳೇ ಗುರುತು ಅಂತಲೇ ತಗೋತೀನಿ. ಸ್ಯಾಂಡಿ ಕೋಫ್ಯಾಕ್ಸ್ ಮೊದಲ ಆರು ವರ್ಷ 36-40. ಚೆಂಡು ಬೆಂಕಿ, ಹೋಗೋದು ಮಾತ್ರ ದಿಕ್ಕಾಪಾಲು. 1961ರ ತಯಾರಿ ಪಂದ್ಯವೊಂದರಲ್ಲಿ ಕ್ಯಾಚರ್ ನಾರ್ಮ್ ಶೆರಿ ಅವನ ಹತ್ತಿರ ನಡೆದುಹೋಗಿ, ಸ್ವಲ್ಪ ಬಲ ಕಡಿಮೆ ಮಾಡಿ ಎಸಿ ಅಂದ. ಅಷ್ಟೇ. ಮುಂದಿನ ಆರು ವರ್ಷ ಅವನನ್ನು ಹಿಡಿಯೋರೇ ಇರಲಿಲ್ಲ. (ಕ್ಯಾಚರ್ ಮಾತು ಕೇಳಿದರೆ ಕೆಡೋದಿಲ್ಲ ಅಂತ ನಾನು ಹನ್ನೊಂದು ವರ್ಷ ಹೇಳಿದೆ, ನಮ್ಮ ತಂಡದಲ್ಲಿ ಯಾರೂ ಕೇಳಲಿಲ್ಲ.)

ಆದರೆ ಅದೇ ಕೋಫ್ಯಾಕ್ಸ್ 1966ರಲ್ಲಿ 27 ಗೆಲುವು, 1.73 ಇಆರ್‌ಎ ಮಾಡಿ 30ನೇ ವಯಸ್ಸಿಗೆ ಆಟ ಬಿಟ್ಟ. ಮೊಣಕೈ ಹೋಗಿತ್ತು. ಆ ವರ್ಷದ ಅಂಕಿ ನೋಡಿದ ಯಾವನೂ "ಇವನದು ಇದೇ ಕೊನೆ" ಅಂತ ಹೇಳುತ್ತಿರಲಿಲ್ಲ.

---

ಒಹಾಯೊ ಅಮ್ಮ

ಎಲ್ಲ ಓದಿದೆ. ಈ ಮೊಣಕೈ ವಿಷಯಕ್ಕೇ ಬರೀತಿದ್ದೀನಿ.

ನನ್ನ ಮಗನಿಗೆ ಈಗ ಹದಿನಾಲ್ಕು. ಹನ್ನೆರಡನೇ ವಯಸ್ಸಿನಲ್ಲಿ ಅವನು ಎಲ್ಲರಿಗಿಂತ ಜೋರಾಗಿ ಎಸೀತಿದ್ದ. ಹತ್ತಿರದ ಒಂದು ತರಬೇತಿ ಕೇಂದ್ರದವರು "ಇವನಲ್ಲಿ ಏನೋ ಇದೆ" ಅಂದರು. ತಿಂಗಳಿಗೆ ದುಡ್ಡು ಕಟ್ಟಿದೆವು. ಭಾರದ ಚೆಂಡು, ಪ್ರತಿ ವಾರ ರೇಡಾರ್ ಗನ್, ಗೋಡೆ ಮೇಲೆ ಹುಡುಗರ ಹೆಸರು ಮತ್ತು ವೇಗ ಬರೆದ ಪಟ್ಟಿ. ಮಗ ಆ ಪಟ್ಟಿಯಲ್ಲಿ ಮೇಲೆ ಹೋದಾಗ ನಮಗೂ ಹೆಮ್ಮೆ ಆಗಿತ್ತು, ಸುಳ್ಳು ಹೇಳಲ್ಲ. ಶುಕ್ರವಾರ ಶಾಲೆ ತಂಡಕ್ಕೆ ಎಸೀತಿದ್ದ, ಭಾನುವಾರ ಇನ್ನೊಂದು ತಂಡಕ್ಕೆ. ಎರಡೂ ಕಡೆಯವರು ತಮ್ಮ ತಮ್ಮ ಚೆಂಡು ಎಣಿಸುತ್ತಿದ್ದರು. ಎರಡನ್ನೂ ಕೂಡಿಸಿದವರು ಯಾರೂ ಇಲ್ಲ. ನಾನೂ ಕೂಡಿಸಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಎಡಗೈಯಲ್ಲಿ ಅನ್ನ ಕಲಸ್ತಿದ್ದ. ಯಾಕೋ ಅಂದೆ. ಬಲಗೈ ಮಡಚೋಕೆ ಆಗ್ತಿಲ್ಲಮ್ಮ ಅಂದ.

ಮೂಳೆ ಬೆಳೆಯೋ ಜಾಗಕ್ಕೇ ಪೆಟ್ಟು ಅಂದರು ಡಾಕ್ಟರು. ಆಪರೇಷನ್ ಬೇಡ, ಆರು ತಿಂಗಳು ಎಸೆಯೋ ಹಾಗಿಲ್ಲ ಅಂದರು. ಆಮೇಲೆ ನಾನು ಕೂತು ಓದಿದೆ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಮಕ್ಕಳಿಗೆ ಮಾರ್ಗಸೂಚಿ ಮಾಡಿದ್ದಾರೆ. 11-12ರ ಮಕ್ಕಳಿಗೆ ದಿನಕ್ಕೆ 85 ಚೆಂಡು ಮಿತಿ, 13-14ಕ್ಕೆ 95. ಈ ವಯಸ್ಸಿನವರು 66 ಅಥವಾ ಅದಕ್ಕಿಂತ ಜಾಸ್ತಿ ಎಸೆದರೆ ನಾಲ್ಕು ದಿನ ವಿಶ್ರಾಂತಿ. ಇದು ಆ ಗೋಡೆ ಮೇಲಿನ ಪಟ್ಟಿಯ ಪಕ್ಕದಲ್ಲಿ ಇರಬೇಕಿತ್ತು. ಇರಲಿಲ್ಲ.

---

ಶಿವಮೊಗ್ಗ ಸೀಮೆ

ಅಕ್ಕಾ, ಓದಿ ಹೊಟ್ಟೆ ಚುರ್ ಅಂತು. ಮಗ ಈಗ ಹೇಗಿದ್ದಾನೆ?

---

ಮೂರನೇ ಬೇಸ್

ಮೇಡಂ, ನಿಮ್ಮ ಮಗನಿಗೆ ಆದದ್ದೇ ಮೇಲೆ ದೊಡ್ಡವರಿಗೂ ಆಗ್ತಿದೆ. 2024ರ ಡಿಸೆಂಬರ್‌ನಲ್ಲಿ ಮೇಜರ್ ಲೀಗ್‌ನವರೇ ಪಿಚರ್‌ಗಳ ಗಾಯದ ಬಗ್ಗೆ ವರದಿ ಹೊರತಂದರು. ವೇಗದ ಹಿಂದೆ ಬಿದ್ದದ್ದು ಒಂದು ಮುಖ್ಯ ಕಾರಣ ಅನ್ನೋ ಅರ್ಥದ ಮಾತು ಅದರಲ್ಲಿದೆ. 2008ರಲ್ಲಿ ಫಾಸ್ಟ್‌ಬಾಲ್ ಸರಾಸರಿ 91.3 ಮೈಲಿ, 2024ರಲ್ಲಿ 94.2. ಸರಾಸರಿಯೇ ಮೂರು ಮೈಲಿ ಏರಿದೆ ಅಂದರೆ ಯೋಚಿಸಿ. ಮೊಣಕೈಯೊಳಗಿನ ಆ ಪಟ್ಟಿಯಂಥ ನಾರು ಮಾತ್ರ ಅವತ್ತಿದ್ದಷ್ಟೇ ದಪ್ಪ.

ಅದು ಹರಿದಾಗ ಮಾಡೋ ಆಪರೇಷನ್‌ಗೆ ಟಾಮಿ ಜಾನ್ ಅನ್ನೋ ಪಿಚರ್ ಹೆಸರೇ ಇದೆ. 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಮೊದಲು ಅವನಿಗೇ ಮಾಡಿದ್ದು. ಅವನು ವಾಪಸ್ ಬಂದು ಇನ್ನೂ 164 ಪಂದ್ಯ ಗೆದ್ದ. ಹಾಗಾಗಿ ಈಗ ಜನ ಅದನ್ನು ಹಲ್ಲು ಕೀಳಿಸಿದ ಹಾಗೆ ಮಾತಾಡ್ತಾರೆ. ಒಂದು ವರ್ಷಕ್ಕಿಂತ ಜಾಸ್ತಿ ಆಟ ಇಲ್ಲ, ಎಲ್ಲರೂ ಮೊದಲಿನ ಹಾಗೆ ಬರಲ್ಲ. ಅದನ್ನು ಯಾರೂ ಹೇಳಲ್ಲ.

---

ಹಳೇ ಕ್ಯಾಚರ್

ಪರಮೇಶಿಯವರ ಎರಡನೇ ಪ್ರಶ್ನೆಗೆ ಈಗ ಬರೋಣ. ಸ್ಕೌಟ್‌ಗಳು (ತಂಡಕ್ಕೆ ಹೊಸಬರನ್ನು ಹುಡುಕೋರು) ಹುಡುಗರಿಗೆ 20ರಿಂದ 80ರೊಳಗೆ ಅಂಕ ಕೊಡ್ತಾರೆ. 50 ಅಂದರೆ ಮೇಜರ್ ಲೀಗ್ ಸರಾಸರಿ. ಪ್ರತಿ ಗುಣಕ್ಕೂ ಎರಡು ಅಂಕ. ಸ್ಲೈಡರ್ (ಪಕ್ಕಕ್ಕೆ ಸರಿಯೋ ಚೆಂಡು) ಇವತ್ತು 45, ಮುಂದೆ 60. ನಿಯಂತ್ರಣ ಇವತ್ತು 40, ಮುಂದೆ 50. ಮೊದಲನೇ ಅಂಕ ಕಣ್ಣಿಗೆ ಕಂಡದ್ದು, ಎರಡನೆಯದು ಸ್ಕೌಟ್‌ನ ನಂಬಿಕೆ. ನಾನು ಕಂಡ ಹಾಗೆ ಮೊದಲನೇ ಅಂಕ ತಪ್ಪೋದು ಕಡಿಮೆ. ಎರಡನೆಯದಕ್ಕೆ ನಾನು ಹತ್ತು ರೂಪಾಯಿ ಪಣ ಕಟ್ಟಲ್ಲ.

ಮಾರ್ಕ್ ಪ್ರಯರ್ ಎಸೆಯೋ ಶೈಲಿ ಪಠ್ಯಪುಸ್ತಕ ಅಂತ ಎಲ್ಲರೂ ಹೊಗಳಿದರು. 2003ರಲ್ಲಿ 18-6, 245 ಸ್ಟ್ರೈಕೌಟ್. ಆ ಸೆಪ್ಟೆಂಬರ್‌ನಲ್ಲಿ ಮೇಲಿಂದ ಮೇಲೆ 120 ಚೆಂಡು ದಾಟಿಸಿದರು. 2006ರಲ್ಲಿ, 25ನೇ ವಯಸ್ಸಿಗೇ, ಅವನ ಕೊನೇ ಮೇಜರ್ ಲೀಗ್ ಪಂದ್ಯ ಮುಗಿದಿತ್ತು.

ಸರಿ, ಜಾಸ್ತಿ ಎಸೆಸಿದ್ದು ತಪ್ಪು ಅಂದುಕೊಳ್ಳೋಣ. ಸ್ಟೀಫನ್ ಸ್ಟ್ರಾಸ್‌ಬರ್ಗ್‌ನನ್ನು ಗಾಜಿನ ಬಳೆ ಥರ ನೋಡಿಕೊಂಡರು. 2009ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸಬರನ್ನು ಸುತ್ತು ಸುತ್ತಾಗಿ ಆರಿಸಿಕೊಳ್ಳೋದು) ಮೊದಲ ಆಯ್ಕೆ, 2010ರ ಮೊದಲ ಪಂದ್ಯದಲ್ಲೇ 14 ಸ್ಟ್ರೈಕೌಟ್ (ಯಾರ ವಿರುದ್ಧ? ಪೈರೇಟ್ಸ್, ಪಾಪ). ಮೂರು ತಿಂಗಳಿಗೆ ಮೊಣಕೈ ಆಪರೇಷನ್. 2012ರಲ್ಲಿ ತಂಡ ಪ್ಲೇಆಫ್‌ಗೆ ಹೋಗ್ತಿದ್ದರೂ 159 ಇನ್ನಿಂಗ್ಸ್‌ಗೆ ಇವನನ್ನು ನಿಲ್ಲಿಸಿದರು. 2019ರಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಫೈನಲ್‌ನ, ಶ್ರೇಷ್ಠ ಆಟಗಾರ. ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಕರಾರು. ಆಮೇಲೆ ಅವನು ಎಸೆದದ್ದು ಎಂಟೇ ಪಂದ್ಯ.

ಇನ್ನು ಡಿಗ್ರಾಮ್. ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್, ಒಂಬತ್ತನೇ ಸುತ್ತಿನ ಆಯ್ಕೆ, ಅದೇ ವರ್ಷ ಆಪರೇಷನ್. ಮೇಜರ್ ಲೀಗ್‌ಗೆ ಬರೋ ಹೊತ್ತಿಗೆ 25 ದಾಟಿತ್ತು. ಅವನಿಗೆ ಎರಡು ಸೈ ಯಂಗ್. 2023ರಲ್ಲಿ ಎರಡನೇ ಆಪರೇಷನ್ ಆಯಿತು, ಮುಗಿದ ಅಂದುಕೊಂಡೆವು. 2025ರಲ್ಲಿ, 37ನೇ ವಯಸ್ಸಿನಲ್ಲಿ, ಪೂರ್ತಿ ಸೀಸನ್ ಎಸೆದ. ಇದರಲ್ಲಿ ಯಾವ ನಿಯಮ ಹುಡುಕ್ತೀರಿ?

---

ಗೂಗ್ಲಿ ಗುಂಡಣ್ಣ

ಹಾಗಾದರೆ ಸ್ಕೌಟ್‌ಗಳಿಗೆ ಸಂಬಳ ಯಾಕೆ ಸಾರ್, ಒಂದು ಗಿಳಿ ಶಾಸ್ತ್ರದವನನ್ನು ಕೂರಿಸಿದರೆ ಸಾಕಲ್ವಾ?

---

ಮೂರನೇ ಬೇಸ್

😀 ಗಿಳಿಗೆ ಒಂದು ವಿಷಯ ಗೊತ್ತಾಗಲ್ಲ ಗುಂಡಣ್ಣ: ಹುಡುಗ ಕಲೀತಾನಾ ಇಲ್ವಾ. ರ‍್ಯಾಂಡಿ ಜಾನ್ಸನ್ 1990, 91, 92, ಮೂರು ವರ್ಷವೂ ಅಮೆರಿಕನ್ ಲೀಗ್‌ನಲ್ಲಿ ಅತಿ ಹೆಚ್ಚು ವಾಕ್ ಕೊಟ್ಟವನು. ಆಮೇಲೆ ಅವನಿಗೆ ಐದು ಸೈ ಯಂಗ್. ಸ್ಕೀನ್ಸ್ ಕೂಡ ಕಾಲೇಜಿನಲ್ಲಿ ಕ್ಯಾಚರ್ ಆಗಿದ್ದವನು. ಅವನಿಗೆ ಹೆಸರು ತಂದ ಆ ಸ್ಪ್ಲಿಂಕರ್ ಇದೆಯಲ್ಲ, ಸಿಂಕರ್ ಮತ್ತು ಸ್ಪ್ಲಿಟರ್ (ಎರಡೂ ಕೊನೆಗೆ ಕೆಳಕ್ಕೆ ಬೀಳೋ ಚೆಂಡುಗಳು) ನಡುವಿನದ್ದು, ಅದು ಹುಟ್ಟಿನಿಂದ ಬಂದದ್ದಲ್ಲ. ಕಾಲೇಜು ಬಿಟ್ಟ ಮೇಲೆ ಕೂಡಿಸಿಕೊಂಡದ್ದು. ಎರಡನೇ ಅಂಕಕ್ಕೆ ನಾನು ಪಣ ಕಟ್ಟೋದು ಇಂಥವನ ಮೇಲೆ. ಮೊಣಕೈ ನಾರು ಯಾವತ್ತು ಹರಿಯುತ್ತೆ ಅನ್ನೋದು ಬೇರೆ ಖಾತೆ. ಅದನ್ನು ಪ್ರತಿಭೆಯ ಲೆಕ್ಕಕ್ಕೆ ಸೇರಿಸಬೇಡಿ.

---

ಒಹಾಯೊ ಅಮ್ಮ

ಶಿವಮೊಗ್ಗದವರು ಕೇಳಿದ್ದರಲ್ಲ. ಮಗ ಚೆನ್ನಾಗಿದ್ದಾನೆ. ಈಗ ಫಸ್ಟ್ ಬೇಸ್ ಆಡ್ತಾನೆ. ಮುಂದಿನ ವರ್ಷ ಮತ್ತೆ ಎಸೀತೀನಿ ಅಂತಿದ್ದಾನೆ. ನಾನು ಒಂದು ನೋಟ್‌ಬುಕ್ ತಂದಿಟ್ಟಿದ್ದೀನಿ, ಎರಡು ತಂಡದ ಚೆಂಡನ್ನೂ ಒಂದೇ ಪುಟದಲ್ಲಿ ಬರೆಯೋಕೆ.

---

ಪೆನ್ ಹಿಲ್ಸ್ ಪರಮೇಶಿ

ಎಲ್ಲರಿಗೂ ಥ್ಯಾಂಕ್ಸ್. ಮಾವನಿಗೆ ಪೂರ್ತಿ ಓದಿ ಹೇಳಿದೆ. 8-16ರ ರಯಾನ್ ವಿಷಯ ಕೇಳಿ, "ಆ ತಂಡದ ಬ್ಯಾಟಿಂಗ್‌ನವರಿಗೆ ಬೆಂಚ್ ಮೇಲೆ ನಿಲ್ಲಿಸಬೇಕಿತ್ತು" ಅಂದರು. ಏಪ್ರಿಲ್‌ವರೆಗೆ ಇಲ್ಲೇ ಇರ್ತಾರಂತೆ. ಸ್ಕೀನ್ಸ್ ಎಸೆಯೋ ಪಂದ್ಯಕ್ಕೆ ಕರೆದುಕೊಂಡು ಹೋಗ್ತೀನಿ. ಗ್ಲೌ ಕಾಣೋ ಹಾಗೆ ಎಲ್ಲಿ ಕೂರಬೇಕು?

---

ಹಳೇ ಕ್ಯಾಚರ್

ಹೋಮ್ ಪ್ಲೇಟ್ ಹಿಂದೆ, ಮೇಲಿನ ಅಂತಸ್ತು ತಗೊಳ್ಳಿ. ಕೆಳಗಿನದು ದುಬಾರಿ. ಮೇಲಿಂದ ಚೆಂಡು ಆ ಕಡೆ ಈ ಕಡೆ ಸರಿಯೋದು ಇನ್ನೂ ಚೆನ್ನಾಗಿ ಕಾಣುತ್ತೆ, ಎದುರಿಗೆ ನದಿ, ಹಳದಿ ಸೇತುವೆ ಬೇರೆ. ಬೈನಾಕ್ಯುಲರ್ ತಗೊಂಡು ಹೋಗಿ. ಮತ್ತೆ ಮೇಷ್ಟ್ರಿಗೆ ಸ್ವೆಟರ್, ಮಫ್ಲರ್ ಎರಡೂ ಇರಲಿ, ಏಪ್ರಿಲ್‌ನಲ್ಲಿ ಆ ನದಿ ಕಡೆಯಿಂದ ಬರೋ ಗಾಳಿ ಮಡಿಕೇರಿಯನ್ನೂ ಮರೆಸುತ್ತೆ.